ಡೀಡ್‌ಗೆ ಸಹಿ ಹಾಕೋ ಮುಂಚೆ

ತಮ್ಮಾ, ‘ಡಿವೋರ್ಸ್ ಆಗ್ತಾ ಇದೆ, ಟೆಕ್ಸಾಸ್‌ನ ಫ್ರಿಸ್ಕೋ ಮನೆ ಅವಳಿಗೇ ಇರಲಿ, ಡೀಡ್‌ಗೆ (ಮನೆಯ ಹಕ್ಕು ಬಿಟ್ಟುಕೊಡೋ ಪತ್ರಕ್ಕೆ) ಸಹಿ ಹಾಕಿಕೊಟ್ಟು ಹೊರಟುಬಿಡ್ತೀನಿ, ಅಷ್ಟು ಸಾಕಲ್ವಾ ಅಣ್ಣಾ?’ ಅಂತ ಕೇಳಿದ್ದೀಯ. ಸಾಲದು. ನಾನೂ ಹಾಗೇ ಅಂದುಕೊಂಡು ಸಹಿ ಹಾಕಿ ಎದ್ದು ಬಂದವನು.

ನಮ್ಮೂರಲ್ಲಿ ಮನೆ ಸಾಲ ತಗೊಂಡರೆ ಮೂಲಪತ್ರ ಬ್ಯಾಂಕಿನಲ್ಲೇ ಇರುತ್ತೆ. ಬ್ಯಾಂಕು ಒಪ್ಪದೆ ಮನೆ ಇನ್ನೊಬ್ಬರ ಹೆಸರಿಗೆ ಮಾಡೋದು ಕಷ್ಟ. ಆ ಲೆಕ್ಕದಲ್ಲೇ ನಾವು ಇಲ್ಲಿ ಎಡವೋದು. ಟೆಕ್ಸಾಸ್‌ನಲ್ಲಿ ನೋಟರಿ ಮುಂದೆ ಡೀಡ್‌ಗೆ ಸಹಿ ಮಾಡಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ರೆಕಾರ್ಡ್ ಮಾಡಿಸಿದರೆ ಮನೆ ಅವಳದು, ಸಾಲ ಕೊಟ್ಟವರನ್ನು ಯಾರೂ ಕೇಳೋದಿಲ್ಲ. ಡಿವೋರ್ಸ್‌ನಿಂದ ಮನೆ ಗಂಡನಿಂದ ಹೆಂಡತಿಗೆ ಹೋದರೆ ‘ಪೂರ್ತಿ ಸಾಲ ಈಗಲೇ ಕಟ್ಟಿ’ ಅಂತ ಅವರು ಪಟ್ಟು ಹಿಡಿಯದಂತೆ 1982ರ ಫೆಡರಲ್ ಕಾಯ್ದೆಯೇ ಇದೆ. ಆದರೆ ಸಾಲದ ನೋಟ್ ಮೇಲೆ, ಅಂದರೆ ಸಾಲ ತೀರಿಸ್ತೀನಿ ಅಂತ ಬರೆದುಕೊಟ್ಟ ಪತ್ರದ ಮೇಲೆ, ನಿನ್ನ ಸಹಿ ಹಾಗೇ ಇರುತ್ತೆ. ‘ಕಂತು ಅವಳೇ ಕಟ್ಟಬೇಕು’ ಅಂತ ಕೋರ್ಟಿನ ಡಿಕ್ರಿಯಲ್ಲಿದ್ದರೂ ಅದು ನಿಮ್ಮಿಬ್ಬರಿಗೆ ಮಾತ್ರ, ಬ್ಯಾಂಕಿಗೆ ಅದರ ಹಂಗಿಲ್ಲ.

ಎರಡು ವರ್ಷ ಆದಮೇಲೆ, ವಾರಾಂತ್ಯಕ್ಕೆ ಮಗಳು ಬಂದರೆ ಅವಳಿಗೊಂದು ರೂಮಿರಲಿ ಅಂತ ಚಿಕ್ಕ ಮನೆಯೊಂದಕ್ಕೆ ಸಾಲ ಕೇಳಿದೆ. ಲೋನ್ ಆಫೀಸರ್ ನನ್ನ ಕ್ರೆಡಿಟ್ ರಿಪೋರ್ಟನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಪೆನ್ನಿಟ್ಟರು. ಹಳೇ ಮನೆಯ ಸಾಲ, ಎರಡು ಕಂತು ಮೂವತ್ತು ದಿನಕ್ಕಿಂತ ತಡ. ಆಗ ನನ್ನ ಮಾಜಿ ಹೆಂಡತಿಯ ಕೆಲಸ ಹೋಗಿತ್ತಂತೆ, ನನಗೆ ಹೇಳೋಕೆ ಸಂಕೋಚಪಟ್ಟಿದ್ದಾಳೆ. ಅವಳನ್ನು ನಾನು ಇವತ್ತಿಗೂ ದೂರಲ್ಲ. ಆದರೆ ಸ್ಕೋರ್ ಬಿದ್ದಿತ್ತು, ಆ ಮನೆ ಕೈತಪ್ಪಿತು.

ಅದಕ್ಕೇ ಹೇಳ್ತೀನಿ, ನಿನ್ನ ಹೆಂಡತಿ ತನ್ನೊಬ್ಬಳ ಹೆಸರಲ್ಲಿ ರೀಫೈನಾನ್ಸ್ ಮಾಡಿಸಲಿ, ಅಂದರೆ ಹೊಸ ಸಾಲ ತಗೊಂಡು ಹಳೇದನ್ನು ತೀರಿಸಲಿ, ಎಷ್ಟು ದಿನದೊಳಗೆ ಅನ್ನೋದು ಡಿಕ್ರಿಯಲ್ಲಿ ಬರಲಿ. ನಿನ್ನ ಪಾಲಿನ ದುಡ್ಡನ್ನೂ ಅದರಲ್ಲೇ ಕೊಡೋದಿದ್ದರೆ ಲಾಯರ್ ಹತ್ತಿರ ‘ಓವೆಲ್ಟಿ ಲಿಯನ್’ ಬೇಕು ಅಂತ ಹೇಳು, ಅಂದರೆ ನಿನ್ನ ಪಾಲಿನ ದುಡ್ಡಿಗೆ ಮನೆಯ ಮೇಲೆ ಬರೆಸೋ ಹಕ್ಕು. ಅದಿಲ್ಲದಿದ್ದರೆ ಟೆಕ್ಸಾಸ್‌ನಲ್ಲಿ ಮನೆ ಬೆಲೆಯ 80% ಮೀರಿ ಸಾಲ ಎತ್ತೋಕೆ ಬಿಡಲ್ಲ. ನೀವು ತಗೊಂಡಿದ್ದು 2021ರಲ್ಲಿ ಅಂದಿದ್ದೀಯ. ಆ ಜನವರಿಯಲ್ಲಿ 30 ವರ್ಷದ ಸಾಲದ ಸರಾಸರಿ ಬಡ್ಡಿ 2.65%ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ 7.79%ಕ್ಕೆ ಏರಿತು. ಅಷ್ಟು ಕಡಿಮೆ ಬಡ್ಡಿಯ ಹಳೇ ಸಾಲ ಬಿಟ್ಟುಕೊಡೋಕೆ ಅವಳು ಹಿಂಜರಿದರೆ ಸಿಟ್ಟಾಗಬೇಡ. ಸಾಲ ಅವಳೇ ವಹಿಸಿಕೊಂಡು ನಿನ್ನನ್ನು ಬಿಡುಗಡೆ ಮಾಡ್ತಾರಾ ಅಂತ ಕಂತು ಕಟ್ಟಿಸಿಕೊಳ್ಳೋ ಕಂಪನಿಯನ್ನು ಕೇಳು, ಉತ್ತರ ಬರಹದಲ್ಲೇ ತಗೋ. ಅದೂ ಆಗದಿದ್ದರೆ ‘ಡೀಡ್ ಆಫ್ ಟ್ರಸ್ಟ್ ಟು ಸೆಕ್ಯೂರ್ ಅಸಂಪ್ಷನ್’ ಮಾಡಿಸದೆ ಸಹಿ ಹಾಕಬೇಡ. ಅವಳು ಕಂತು ತಪ್ಪಿಸಿದರೆ ಆ ಪತ್ರದ ಮೇಲೆ ಮನೆಗೆ ಕೈ ಹಾಕೋ ಹಕ್ಕು ನಿನಗಿರುತ್ತೆ. ನಾನು ಮಾಡಿಸದೇ ಹೋದದ್ದು ಇದನ್ನೇ.

ಅವಳು ಯಾವ ವೀಸಾದಲ್ಲಿದ್ದಾಳೆ ಅಂತ ನೀನು ಬರೆದೇ ಇಲ್ಲ. ನಿನ್ನ ಎಚ್-1ಬಿ ಕೆಲಸದ ವೀಸಾ ಮೇಲಿನ ಎಚ್-4 (ಸಂಗಾತಿಯ ವೀಸಾ) ಆಗಿದ್ದರೆ, ಡಿವೋರ್ಸ್ ಆದ ದಿನ ಆ ಸ್ಟೇಟಸ್ ಮುಗಿಯುತ್ತೆ, ಅದನ್ನು ನಂಬಿಕೊಂಡ ಕೆಲಸದ ಪರವಾನಗಿಯೂ ಹೋಗುತ್ತೆ. ಆಮೇಲೆ ಯಾವ ಸಂಬಳ ತೋರಿಸಿ ರೀಫೈನಾನ್ಸ್ ಮಾಡಿಸ್ತಾಳೆ? ಹಾಗಿದ್ದರೆ ಮನೆ ಮಾರಿ ಹಂಚಿಕೊಳ್ಳೋದೇ ಇಬ್ಬರಿಗೂ ಕ್ಷೇಮ. ಡಿವೋರ್ಸ್‌ಗೆ ಅರ್ಜಿ ಹಾಕಿದ ಮೇಲೆ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 60 ದಿನ ಕಾಯಬೇಕು. ಆ ದಿನಗಳಲ್ಲಿ ಅವಳ ವೀಸಾ ವಿಷಯ ಮೊದಲು ಕೂತು ಮಾತಾಡಿ, ಮನೆ ಮಾತು ಆಮೇಲೆ. ಅಲ್ಲೀತನಕ ಕಂತು ಕಟ್ಟಿದೆಯಾ ಅಂತ ಪ್ರತಿ ತಿಂಗಳು ನೀನೇ ಲಾಗಿನ್ ಮಾಡಿ ನೋಡ್ತಾ ಇರು.