ಕಾಕಾ ಹೇಳಿದ್ದು ಅರ್ಧ ಸರಿ

ಪ್ರಶ್ನೆ: ನಮ್ಮದು ಗಂಗಾವತಿ. ಅಕ್ಕಿ ಗಿರಣಿ ಇದೆ. ವಯಸ್ಸು 27. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. ಮೊನ್ನೆ ಬೆಂಗಳೂರಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿ ಬಂದೆ. ಒಂದು ಹಳೆಯದು, ಮ್ಯಾನುವಲ್ ಗೇರ್, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. ಇನ್ನೊಂದು ಹೊಸದು. ಡ್ಯುಯಲ್ ಕ್ಲಚ್, ಸ್ಟೀರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್, ಎಬಿಎಸ್, ಚಕ್ರ ಸುಮ್ಮನೆ ಗಿರಕಿ ಹೊಡೆಯದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ ಎಲ್ಲಾ ಇದೆ. ನಮ್ಮ ಕಾಕಾ 30 ವರ್ಷ ಲಾರಿ ಓಡಿಸಿದವರು. ‘ಅದರಾಗ ಗಾಡಿ ಓಡಿಸೋದು ಕಂಪ್ಯೂಟರು, ನೀ ಸುಮ್ನ ಕುಂತಿರ್ತಿ’ ಅಂತಾರೆ. ಗೆಳೆಯರು ಹೊಸದನ್ನೇ ತಗೋ, ಇಎಸ್‌ಪಿ ಆಫ್ ಮಾಡಿ ಓಡಿಸು, ಅದೇ ನಿಜವಾದ ಡ್ರೈವಿಂಗ್ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಕಾಕಾ ಹೇಳಿದ್ದು ಅರ್ಧ ಸರಿ. ಗೆಳೆಯರು ಹೇಳಿದ್ದು ಪೂರ್ತಿ ತಪ್ಪು.

30 ವರ್ಷ ಲಾರಿ ಅಂದರೆ ನಿಮ್ಮ ಕಾಕಾ ಡಬಲ್ ಕ್ಲಚ್ ಕಾಲ ನೋಡಿದವರೇ ಇರಬೇಕು. ಹಳೆಯ ಲಾರಿಗಳ ಗೇರ್‌ಬಾಕ್ಸಿನಲ್ಲಿ ಗೇರ್ ಚಕ್ರಗಳ ವೇಗವನ್ನು ತಾನೇ ಸರಿಹೊಂದಿಸುವ ಸಿಂಕ್ರೋಮೆಶ್ ಇರುತ್ತಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಆಕ್ಸಿಲರೇಟರ್ ಸ್ವಲ್ಪ ಕೊಡಬೇಕು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ಲೆಕ್ಕ ತಪ್ಪಿದರೆ ಗರ್ರ್ ಅಂತ ಸದ್ದು. ಪಕ್ಕದಲ್ಲಿ ಕ್ಲೀನರ್ ನಗು. ಆಮೇಲೆ ಸಿಂಕ್ರೋಮೆಶ್ ಬಂತು, ಆ ಕೆಲಸವನ್ನು ಗೇರ್‌ಬಾಕ್ಸೇ ಮಾಡಿಕೊಳ್ಳತೊಡಗಿತು. ಅದನ್ನು ಯಾರೂ ಮೋಸ ಅನ್ನಲಿಲ್ಲ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುವುದೂ ಹೋಯಿತು. ಅದಕ್ಕೂ ಯಾರೂ ಅಳಲಿಲ್ಲ. ಹಾಗಾಗಿ ‘ಕೈಯಿಂದ ಓಡಿಸುವುದು’ ಅಂದಾಗ, ಯಾವ ಕಾಲದ ಕೈ ಅಂತ ನನಗೆ ಕೇಳಬೇಕು ಅನಿಸುತ್ತದೆ.

ಈ ಜಗಳದಲ್ಲಿ ಎಲ್ಲರೂ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಖಾತೆಗೆ ಬರೆಯುತ್ತಾರೆ. ನಿಮ್ಮ ಗಿರಣಿಯಲ್ಲಿ ಅಕ್ಕಿಯ ಲೆಕ್ಕ, ತೌಡಿನ ಲೆಕ್ಕ ಬೇರೆ ಇಡುತ್ತೀರಿ ಅಲ್ವಾ? ಇಲ್ಲೂ ಹಾಗೇ ಇಡಿ. ಗೇರ್, ಕ್ಲಚ್, ಸ್ಟೀರಿಂಗಿನ ಭಾರ, ಇಂಜಿನ್ನಿನ ಸದ್ದು ಒಂದು ಖಾತೆ. ಇದು ಖುಷಿಯ ಖಾತೆ. ಎಬಿಎಸ್, ಇಎಸ್‌ಪಿ ಇನ್ನೊಂದು ಖಾತೆ. ಇದು ಜೀವದ್ದು.

ಖುಷಿಯ ಖಾತೆಯಲ್ಲಿ ನಾನು ಕಾಕಾ ಪಕ್ಷ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಬೆಸ ಗೇರ್‌ಗಳಿಗೆ ಒಂದು ಕ್ಲಚ್, ಸಮ ಗೇರ್‌ಗಳಿಗೆ ಇನ್ನೊಂದು. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಮುಗಿಯಿತು, ಕಣ್ಣು ಮಿಟುಕಿಸುವುದರೊಳಗೆ ಗೇರ್ ಬಿದ್ದಿರುತ್ತದೆ. ಎಂಥ ಚಾಲಕನ ಕೈಯೂ ಅದಕ್ಕೆ ಸಮ ಬರುವುದಿಲ್ಲ. ಆದರೆ ವೇಗ ಜಾಸ್ತಿ ಆದರೆ ಖುಷಿಯೂ ಜಾಸ್ತಿ ಆಗಬೇಕು ಅಂತ ಎಲ್ಲಿದೆ? ಪೋರ್ಷೆ ಕಂಪನಿ 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಡ್ಯುಯಲ್ ಕ್ಲಚ್‌ನಲ್ಲಿ ಮಾತ್ರ ಕೊಟ್ಟಿತು. ಟ್ರ್ಯಾಕಿನಲ್ಲಿ ಅದೇ ಹೆಚ್ಚು ವೇಗ ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು, ಆದರೆ ಗಿರಾಕಿಗಳು ಮುಖ ಗಂಟು ಹಾಕಿಕೊಂಡರು. 2016ರಲ್ಲಿ ಮ್ಯಾನುವಲ್ ಗೇರಿನ 911 ಆರ್ ಬಂತು. ಮಾಡಿದ್ದು 991 ಕಾರು ಮಾತ್ರ, ಅದಕ್ಕೆ ಮುಗಿಬಿದ್ದರು. ಮರುವರ್ಷ ಜಿಟಿ3ಗೂ ಮ್ಯಾನುವಲ್ ವಾಪಸ್ ಬಂತು.

ಇದಕ್ಕಿಂತ ತಮಾಷೆ ಇನ್ನೊಂದಿದೆ. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಬ್ಯಾಟರಿ ಕಾರು. ಅದರಲ್ಲಿ ಬದಲಿಸಲು ಗೇರೇ ಇಲ್ಲ. ಆದರೂ ಗೇರ್ ಬದಲಿಸಿದಾಗ ಆಗುವ ಜಗ್ಗನ್ನೂ ಇಂಜಿನ್ನಿನ ಸದ್ದನ್ನೂ ಹುಟ್ಟಿಸುವ ಕೆಲಸವನ್ನು ಕಂಪ್ಯೂಟರಿಗೇ ಕೊಟ್ಟಿದ್ದಾರೆ. ಕಂಪ್ಯೂಟರ್ ಕಿತ್ತುಕೊಂಡದ್ದನ್ನು ಕಂಪ್ಯೂಟರೇ ನಟಿಸಿ ತೋರಿಸುವ ಕಾಲ ಇದು. ಕಾಕಾಗೆ ಹೇಳಿ, ನಗುತ್ತಾರೆ.

ಈಗ ಎರಡನೆಯ ಖಾತೆ. ಇಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ, ಯಾಕೆಂದರೆ ಸ್ವಂತ ಅನುಭವ ಇದೆ. ತುಂಬಾ ಹಿಂದೆ, ತೋರಣಗಲ್ಲಿನಿಂದ ಸಂಡೂರಿಗೆ ಹೊರಟಿದ್ದೆ. ಮುಂಗಾರಿನ ಮೊದಲ ಮಳೆ ಬಿದ್ದು ಅರ್ಧ ತಾಸು ಆಗಿತ್ತು. ಅದಿರು ಲಾರಿ ಓಡಾಡುವ ರಸ್ತೆ ನಿಮಗೆ ಗೊತ್ತಲ್ಲ, ಬೇಸಿಗೆಯಿಡೀ ಕೂತ ಕೆಂಧೂಳು ನೀರು ಬಿದ್ದ ಕೂಡಲೇ ಸಾರಣೆ ಮಾಡಿದ ಹಾಗೆ ಆಗಿರುತ್ತದೆ. ತಿರುವಿನಲ್ಲಿ ಲಾರಿಯೊಂದು ನಿಂತಿತ್ತು. ಬ್ರೇಕ್ ಒತ್ತಿದೆ. ನಾಲ್ಕೂ ಚಕ್ರ ಜಾಮ್. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೂ ಕಾರು ನೇರ ಹೋಗುತ್ತಲೇ ಇತ್ತು. ಕೊನೆಗೆ ರಸ್ತೆ ಬದಿಯ ಜಾಲಿ ಗಿಡ ನನ್ನನ್ನು ಹಿಡಿದು ನಿಲ್ಲಿಸಿತು. ಆಗ ನನಗೆ 15 ವರ್ಷ ಗಾಡಿ ಓಡಿಸಿದ ಜಂಬ ಬೇರೆ.

ಆವತ್ತು ಆದದ್ದು ಇಷ್ಟೇ. ಟೈರಿಗೆ ನೆಲದ ಮೇಲೆ ಇರುವ ಹಿಡಿತ ಒಂದು ಹಣದ ಗಂಟು ಇದ್ದ ಹಾಗೆ. ಅದರಲ್ಲೇ ಬ್ರೇಕಿಗೂ ಕೊಡಬೇಕು, ತಿರುಗುವುದಕ್ಕೂ ಕೊಡಬೇಕು. ಚಕ್ರ ಪೂರ್ತಿ ನಿಂತು ಜಾರತೊಡಗಿದರೆ ತಿರುಗಲು ಏನೂ ಉಳಿಯುವುದಿಲ್ಲ. ಎಬಿಎಸ್ ಪ್ರತಿ ಚಕ್ರದ ವೇಗ ನೋಡುತ್ತಿರುತ್ತದೆ. ಜಾಮ್ ಆಗುವ ಲಕ್ಷಣ ಕಂಡ ಕೂಡಲೇ ಆ ಚಕ್ರದ ಬ್ರೇಕನ್ನು ಬಿಟ್ಟು ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ಬಾಷ್ ಕಂಪನಿ ಇದನ್ನು 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ ಕೊಟ್ಟಿತು. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ.

ಇಎಸ್‌ಪಿ 1995ರಲ್ಲಿ ಬಂತು. ಅದರ ಬುದ್ಧಿ ಇನ್ನೂ ಒಂದು ಕೈ ಮೇಲೆ. ನೀವು ಸ್ಟೀರಿಂಗನ್ನು ಎಷ್ಟು ತಿರುಗಿಸಿದ್ದೀರಿ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಎರಡನ್ನೂ ತಾಳೆ ನೋಡುತ್ತದೆ. ಕಾರಿನ ಹಿಂಭಾಗ ಜಾರಿ ಬೀಸತೊಡಗಿದರೆ ಹೊರಬದಿಯ ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಕಾರು ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಈಗ ನೀವೇ ಹೇಳಿ, ಎಷ್ಟೇ ಗಟ್ಟಿ ಚಾಲಕ ಇರಲಿ, ಅವನ ಕಾಲಿಗೆ ಸಿಗುವುದು ಒಂದೇ ಬ್ರೇಕ್ ಪೆಡಲ್. ನಾಲ್ಕು ಚಕ್ರಕ್ಕೆ ನಾಲ್ಕು ಪೆಡಲ್ ಯಾರಿಗೂ ಇಲ್ಲ. ನಿಮ್ಮ ಗೆಳೆಯರು ಆಫ್ ಮಾಡಲು ಹೇಳುತ್ತಿರುವುದು ಇದನ್ನೇ.

ಇದರ ಒಂದು ಕೆಡುಕನ್ನೂ ಹೇಳಿಬಿಡುತ್ತೇನೆ. ಕಾಕಾ ಮಾತಿನಲ್ಲಿ ಹುರುಳಿರುವುದು ಇಲ್ಲೇ. ಕಂಪ್ಯೂಟರ್ ನಿಮ್ಮ ತಪ್ಪನ್ನು ಸದ್ದಿಲ್ಲದೆ ಒರೆಸಿ ಹಾಕುತ್ತದೆ. ಹಳೆಯ ಕಾರು ಜಾರುವ ಮೊದಲು ಹೇಳುತ್ತಿತ್ತು. ಸ್ಟೀರಿಂಗ್ ಹಗುರ ಆಗುತ್ತಿತ್ತು, ಟೈರ್ ಕಿರುಗುಟ್ಟುತ್ತಿತ್ತು, ಸೀಟಿನ ಕೆಳಗೆ ಏನೋ ಸರಿದ ಹಾಗೆ ಆಗುತ್ತಿತ್ತು. ಹೊಸ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಒಂದು ಹಳದಿ ದೀಪ ಎರಡು ಸಲ ಮಿನುಗುತ್ತದೆ, ಅಷ್ಟೇ. ಹೆಚ್ಚಿನವರು ನೋಡುವುದೇ ಇಲ್ಲ. ‘ಆಹಾ, ಎಂಥಾ ತಿರುವು ಹೊಡೆದೆ’ ಅಂದುಕೊಂಡು ಮುಂದಿನ ತಿರುವಿಗೆ ಇನ್ನೂ ಹತ್ತು ಕಿಲೋಮೀಟರ್ ಸ್ಪೀಡ್ ಏರಿಸುತ್ತಾರೆ. ಎಷ್ಟೇ ಕಂಪ್ಯೂಟರ್ ಇದ್ದರೂ ಅದು ಟೈರಿನ ಹಿಡಿತವನ್ನು ಹಂಚಬಲ್ಲದು, ಹೊಸದಾಗಿ ಹುಟ್ಟಿಸಲಾರದು. ಒಣ ಡಾಂಬರಿನ ಮೇಲೆ ಗಂಟೆಗೆ 50 ಕಿಲೋಮೀಟರ್‌ನಲ್ಲಿ ಬ್ರೇಕ್ ಒತ್ತಿದರೆ ಹೆಚ್ಚುಕಡಿಮೆ 12 ಮೀಟರ್‌ನಲ್ಲಿ ಕಾರು ನಿಲ್ಲುತ್ತದೆ. 100ರಲ್ಲಿ ಒತ್ತಿದರೆ ಸುಮಾರು 50 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ನೀವು ಯೋಚನೆ ಮಾಡಿ ಕಾಲು ಇಡುವಷ್ಟರಲ್ಲಿ ಹೋಗುವ ದೂರ ಇದರಲ್ಲಿ ಸೇರಿಲ್ಲ.

ಸುಗ್ಗಿಯಲ್ಲಿ ಕಾರಟಗಿ, ಸಿಂಧನೂರು ಕಡೆ ಹೋದರೆ ಅರ್ಧ ರಸ್ತೆ ಭತ್ತ ಹರವಿರುತ್ತಾರೆ. ನಿಮಗೆ ನಾನು ಹೇಳಬೇಕಾಗಿಲ್ಲ, ಅದರಲ್ಲಿ ಸ್ವಲ್ಪ ಭತ್ತ ನಿಮ್ಮ ಗಿರಣಿಗೇ ಬರುತ್ತದೆ. ಆ ಕಾಳಿನ ಮೇಲೆ, ಸಡಿಲ ಮರಳಿನ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಕೆಲವೊಮ್ಮೆ ಇನ್ನೂ ಜಾಸ್ತಿ ದೂರ ತೆಗೆದುಕೊಳ್ಳುತ್ತದೆ. ಜಾಮ್ ಆದ ಚಕ್ರದ ಮುಂದೆ ಮರಳು ಗುಡ್ಡೆಯಾಗಿ ತಡೆ ಹಾಕುತ್ತದೆ, ಉರುಳುವ ಚಕ್ರಕ್ಕೆ ಆ ತಡೆ ಸಿಗುವುದಿಲ್ಲ. ಹಾಗಂತ ಎಬಿಎಸ್ ಬೇಡ ಅಂತ ಅರ್ಥ ಅಲ್ಲ. ಅದು ಇದ್ದರೆ ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಬಹುದು. ಆ ಸಂಡೂರು ರಸ್ತೆಯಲ್ಲಿ ನನಗೆ ಬೇಕಾಗಿದ್ದು ಅದೊಂದೇ.

ಹಾಗಾದರೆ ಯಾವ ಕಾರು? ಎರಡರಲ್ಲಿ ಒಂದು ಅಂದರೆ ಹೊಸದು. ಇಎಸ್‌ಪಿ ಗುಂಡಿಯ ಕಡೆ ಕೈ ಹಾಕಬೇಡಿ. ಗೇರಿನ ಆಸೆ ತೀರದಿದ್ದರೆ ಮೂರನೆಯದನ್ನು ಹುಡುಕಿ. ಮ್ಯಾನುವಲ್ ಗೇರ್ ಇದ್ದು ಇಎಸ್‌ಪಿಯೂ ಇರುವ ಚುರುಕಾದ ಸಣ್ಣ ಕಾರುಗಳು ನಮ್ಮ ದೇಶದಲ್ಲೇ ಸಿಗುತ್ತವೆ. ದುಡ್ಡೂ ಉಳಿಯುತ್ತದೆ. ನಿಜ ಹೇಳಬೇಕೆಂದರೆ ನಾನಾಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ಸಣ್ಣ ಕಾರನ್ನು 80ರಲ್ಲಿ ಪೂರ್ತಿ ಹಿಂಡಿ ಓಡಿಸುವ ಸುಖ, ದೊಡ್ಡ ಕಾರನ್ನು 80ರಲ್ಲಿ ಅರೆನಿದ್ದೆಯಲ್ಲಿ ಓಡಿಸುವುದರಲ್ಲಿ ಇಲ್ಲ.

ಯಾವುದೇ ತಗೊಳ್ಳಿ, ಮೊದಲು ಟೈರ್ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. 2318 ಅಂತ ಇದ್ದರೆ 2018ರ 23ನೇ ವಾರದ ಟೈರ್ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಓಡಿದ್ದಕ್ಕಿಂತ ಶೆಡ್ಡಿನಲ್ಲಿ ನಿಂತಿದ್ದೇ ಜಾಸ್ತಿ. ಟೈರಿನ ಹಲ್ಲು ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ನಮ್ಮ ಬಿಸಿಲಿಗೆ ಅದು ಇನ್ನೂ ಬೇಗ. ಅಂಥ ಟೈರ್ ಹಾಕಿಕೊಂಡು ಇಎಸ್‌ಪಿ ಬಗ್ಗೆ ಮಾತಾಡುವುದು ದಂಡ.

ಆಮೇಲೆ ಒಂದು ಖಾಲಿ ಬಯಲಿಗೆ ಹೋಗಿ. ಕಾಕಾ ಅವರನ್ನೂ ಕರೆದುಕೊಂಡು ಹೋಗಿ. 40ರ ಸ್ಪೀಡಿನಲ್ಲಿ ಬ್ರೇಕನ್ನು ಇದ್ದ ಬಲವೆಲ್ಲ ಹಾಕಿ ಒತ್ತಿ. ಪೆಡಲ್ ಗುರ್ ಅಂತ ನಡುಗುತ್ತದೆ. ಏನೋ ಮುರಿಯಿತು ಅಂತ ಎಷ್ಟೋ ಜನ ಆಗಲೇ ಕಾಲು ತೆಗೆಯುತ್ತಾರೆ. ತೆಗೆಯಬೇಡಿ. ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿ ನೋಡಿ. ಹತ್ತು ಸಲ ಮಾಡಿ. ಕಾಕಾ ಅವರಿಗೂ ಒಂದು ಸಲ ಕೊಡಿ, ಅವರು ಏನಂತಾರೆ ನನಗೆ ಬರೆದು ತಿಳಿಸಿ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಫಾರ್ಮುಲಾ ಒನ್ ಕಾರಿನಲ್ಲಿ ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ, ಚಾಲಕನ ಕೈಚಳಕ ಏನೂ ಇಲ್ಲ ಅಂತ ಹಾಸ್ಟೆಲ್ಲಿನಲ್ಲಿ ವಾದ. ಹೌದಾ?

ಉತ್ತರ: 1993ರಲ್ಲಿ ಕೇಳಿದ್ದರೆ ಸ್ವಲ್ಪ ಹೌದು ಅನ್ನುತ್ತಿದ್ದೆ. ಆ ವರ್ಷದ ವಿಲಿಯಮ್ಸ್ ತಂಡದ ಕಾರಿನಲ್ಲಿ ಕಂಪ್ಯೂಟರೇ ಹೊಂದಿಸುವ ಆಕ್ಟಿವ್ ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್, ಎಬಿಎಸ್ ಎಲ್ಲಾ ಇತ್ತು. ಅಲೈನ್ ಪ್ರಾಸ್ಟ್ ಅದರಲ್ಲೇ ಚಾಂಪಿಯನ್ ಆದರು. 1994ರಿಂದ ಇವನ್ನೆಲ್ಲ ನಿಷೇಧಿಸಿದರು. ಟ್ರ್ಯಾಕ್ಷನ್ ಕಂಟ್ರೋಲ್ 2001ರಲ್ಲಿ ವಾಪಸ್ ಬಂದು 2008ರಿಂದ ಮತ್ತೆ ಹೋಯಿತು. ಇವತ್ತಿನ ಕಾರಿನಲ್ಲಿ ಪ್ಯಾಡಲ್ ಗೇರ್ ಇದೆ, ಪವರ್ ಸ್ಟೀರಿಂಗ್ ಇದೆ. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಬ್ರೇಕ್ ಜಾಸ್ತಿಯಾಗಿ ಟೈರಿನಿಂದ ಹೊಗೆ ಬರುವುದನ್ನು ಟಿವಿಯಲ್ಲಿ ನೋಡಿರುತ್ತೀರಿ, ಅದು ಚಾಲಕನ ಕಾಲಿನ ತಪ್ಪೇ.

ಮೇಲಿನ ಗಂಗಾವತಿಯವರಿಗೆ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ ಅಲ್ವಾ? ಫಾರ್ಮುಲಾ ಒನ್ನಿನಲ್ಲಿ ಚಾಲಕ ಪ್ಯಾಡಲ್ ಎಳೆದ ಮೇಲೆ ಗೇರ್ ಹಾಕುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟು ಬ್ರೇಕನ್ನು ಚಾಲಕನಿಗೆ ಇಟ್ಟಿದ್ದಾರೆ. ಅದು ಸ್ಪರ್ಧೆ. ಕಾಲಿನ ಹದದಲ್ಲೇ ಗೆಲುವು ಸೋಲು ಇರಬೇಕು. ಜಾರಿದರೆ ಹೊರಗೆ ಜಲ್ಲಿ ಹಾಸು, ಟೈರಿನ ಗೋಡೆ ಇರುತ್ತದೆ. ರಾಯಚೂರಿನಿಂದ ಮಾನ್ವಿಗೆ ಹೋಗುವಾಗ ಹೊರಗೆ ಇರುವುದು ಶಾಲೆ ಬಿಟ್ಟು ಬರುವ ಮಕ್ಕಳು.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಶಿಕ್ಷಕಿ. ಹೊಸ ಕಾರಿನಲ್ಲಿ ಎಡಾಸ್ ಇದೆ, ಅಂದರೆ ಕ್ಯಾಮೆರಾ, ರಾಡಾರ್ ನೋಡಿ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ. ಹೊಸಪೇಟೆ ಕಡೆ ಹೋಗುವಾಗ ಬೈಕಿನವರನ್ನು ದಾಟಲು ಬಲಕ್ಕೆ ಸರಿದರೆ ಸ್ಟೀರಿಂಗ್ ತಾನೇ ಎಡಕ್ಕೆ ಎಳೆಯುತ್ತದೆ. ಭಯ ಆಗುತ್ತದೆ. ಎಲ್ಲಾ ಆಫ್ ಮಾಡಿಬಿಡಲೇ?

ಉತ್ತರ: ಎಲ್ಲಾ ಬೇಡ ಮೇಡಂ. ಎಳೆಯುವುದು ಲೇನ್ ಕೀಪ್. ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡುತ್ತದೆ. ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ನಿಮಗೆ ನಿದ್ದೆ ಬಂದಿದೆ ಅಂದುಕೊಂಡು ವಾಪಸ್ ಎಳೆಯುತ್ತದೆ. ಇಂಡಿಕೇಟರ್ ಹಾಕಿ ದಾಟಿ, ಸುಮ್ಮನಿರುತ್ತದೆ. ಗೆರೆ ಅಳಿಸಿಹೋದ, ಧೂಳು ಮುಚ್ಚಿದ ರಸ್ತೆಯಲ್ಲಿ ಲೇನ್ ಕೀಪ್ ಮಾತ್ರ ಆಫ್ ಮಾಡಿ. ಅಪಾಯದಲ್ಲಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಆನ್ ಇರಲಿ. ಆದರೆ ರಾತ್ರಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ರಸ್ತೆ ಮಧ್ಯೆ ಮಲಗಿದ ಎಮ್ಮೆ ಇವನ್ನೆಲ್ಲ ಅದು ನೋಡಿಕೊಳ್ಳುತ್ತದೆ ಅಂತ ನಂಬಬೇಡಿ. ವಾರಕ್ಕೊಮ್ಮೆ ಗಾಜಿನ ಮೇಲಿನ ಕ್ಯಾಮೆರಾ ಜಾಗ, ಮುಂದಿನ ರಾಡಾರ್ ಭಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಳ್ಳಾರಿ ಧೂಳಿಗೆ ವಾರಕ್ಕೆ ಎರಡು ಸಲ ಆದರೂ ತಪ್ಪಿಲ್ಲ.

ಪ್ರಶ್ನೆ: ಕೊಪ್ಪಳದಿಂದ ಬರೆಯುತ್ತಿದ್ದೇನೆ. ಸ್ಪೋರ್ಟ್ಸ್ ಕಾರು ನಮ್ಮೂರಿನ ಹಂಪ್ಸ್ ದಾಟುತ್ತದಾ?

ಉತ್ತರ: ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ಸ್ವಲ್ಪ ಮೇಲೇಳುತ್ತದೆ. ಅದಿಲ್ಲದಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಕೊಳ್ಳುವ ಮೊದಲು ಅದೇ ಕಾರಿನಲ್ಲಿ ನಿಮ್ಮ ಮನೆ ಮುಂದಿನ ಹಂಪ್ ದಾಟಿ ನೋಡಿ.