ಚಪ್ಪಲಿ ಜಾರಿದ್ದು ಕಾಲಿಗೆ ಗೊತ್ತಾಗದಿದ್ದರೆ

ಓದುಗರ ಪ್ರಶ್ನೆಗೆ ಚರ್ಮರೋಗ ತಜ್ಞರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ನೂರು ಕಾಪು, ಕೆಲಸ ಮಂಗಳೂರಲ್ಲಿ. ಬರೀ ಕುತೂಹಲಕ್ಕೆ ಕೇಳುತ್ತಿದ್ದೇನೆ. ಮೊನ್ನೆ ಬಸ್ಸು ಕಂಕನಾಡಿ ದಾಟುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಫಾದರ್ ಮುಲ್ಲರ್ ಆಸ್ಪತ್ರೆಯ ಕಡೆ ಕೈ ತೋರಿಸಿ, "ಹಿಂದೆ ಇಲ್ಲಿ ಕುಷ್ಠದವರಿಗೆಂದೇ ಬೇರೆ ಆಸ್ಪತ್ರೆ ಇತ್ತು" ಎಂದರು. ಅಂದಿನಿಂದ ಅದೇ ತಲೆಯಲ್ಲಿ ಕೂತಿದೆ. ಈ ರೋಗ ಯಾಕೆ ಬರುತ್ತದೆ? ಮುಟ್ಟಿದರೆ ಬರುತ್ತದಾ? ಬೆರಳು ಉದುರುವುದು ಹೌದಾ? ನನ್ನ ಅಜ್ಜಿ ಇದನ್ನು ನಾಗದೋಷ ಎನ್ನುತ್ತಿದ್ದರು. ಪೂರ್ತಿ ಗುಣವಾಗುವ ಮದ್ದು ಇದೆಯಾ? ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಬರೀ ಕುತೂಹಲ.
– ಹೆಸರು ಬೇಡ, ಕಾಪು

ಉತ್ತರ: "ಬರೀ ಕುತೂಹಲ" ಎಂದು ಎರಡು ಸಲ ಬರೆದಿದ್ದೀರಿ, ಹೆಸರೂ ಬೇಡ ಎಂದಿದ್ದೀರಿ. ಸಕ್ಕರೆ ಕಾಯಿಲೆಯ ಬಗ್ಗೆ ಕೇಳುವಾಗ ಯಾರೂ ಹೀಗೆ ಮುಂಗಡ ಜಾಮೀನು ಕೊಡುವುದಿಲ್ಲ. ತಮಾಷೆಗೆ ಹೇಳಿದೆ, ಬೇಸರಿಸಬೇಡಿ. ಆದರೆ ರೋಗಿಗಳು ನಮ್ಮ ಬಳಿ ತಡವಾಗಿ ಬರುವುದಕ್ಕೂ ಇದೇ ಅಳುಕು ಕಾರಣ.

ಆ ಹಿರಿಯರು ಹೇಳಿದ್ದು ನಿಜ. ಜರ್ಮನಿ ಮೂಲದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಅದರ ಜೊತೆಗೆ ಕುಷ್ಠರೋಗಿಗಳಿಗಾಗಿ ಸೇಂಟ್ ಜೋಸೆಫರ ಹೆಸರಿನ ಆಶ್ರಯ ಬಂತು. ರೋಗಾಣು ಪತ್ತೆಯಾಗಿ ಆಗ ಹದಿನೇಳು ವರ್ಷ ಕಳೆದಿತ್ತು, ಮದ್ದು ಮಾತ್ರ ಇರಲಿಲ್ಲ. ಅಂದಿನ ಇಂಥ ಧಾಮಗಳು ಕೊಡಬಹುದಾಗಿದ್ದದ್ದು ಸೂರು, ಊಟ, ಗಾಯಕ್ಕೆ ಪಟ್ಟಿ. ದೇಶದ ಹಲವೆಡೆ ಚಾಲ್‌ಮೋಗ್ರಾ ಎಣ್ಣೆ ಹಚ್ಚುತ್ತಿದ್ದರು, ಆಮೇಲೆ ಸೂಜಿಯಲ್ಲೂ ಕೊಟ್ಟರು. ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಗರುಡಫಲ ಅದೇ ಕುಲದ ಮರ. ಆ ಎಣ್ಣೆಯಿಂದ ನೆಚ್ಚಿಕೊಳ್ಳುವಂಥ ಗುಣವೇನೂ ಸಿಗಲಿಲ್ಲ.

ಇನ್ನು ಕಾರಣ. 1873ರಲ್ಲಿ ನಾರ್ವೆಯ ಬರ್ಗೆನ್ ಎಂಬ ಊರಿನಲ್ಲಿ ಗೆರ್ಹಾರ್ಡ್ ಹ್ಯಾನ್ಸೆನ್ ಎಂಬ ವೈದ್ಯರು ರೋಗಿಗಳ ಗಂಟಿನಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಯನ್ನು ಕಂಡರು. ಹೌದು, ಚಳಿಯ ನಾರ್ವೆಯಲ್ಲೇ. ಸೆಕೆಯ ದೇಶಗಳ ಕಾಯಿಲೆ ಎಂದುಕೊಂಡವರಿಗೆ ಇದು ಅಚ್ಚರಿ. ಅಲ್ಲಿನ ವೈದ್ಯರು ಅದುವರೆಗೆ ಇದನ್ನು ವಂಶದಲ್ಲಿ ಇಳಿದು ಬರುವ ರೋಗ ಎಂದೇ ನಂಬಿದ್ದರು. ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬುದು ಆ ಬ್ಯಾಕ್ಟೀರಿಯಾದ ಹೆಸರು, ಕ್ಷಯದ ರೋಗಾಣುವಿನ ದಾಯಾದಿ.

ಈ ದಾಯಾದಿಯಂಥ ಸೋಮಾರಿ ಇನ್ನೊಂದಿಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕುತ್ತದಲ್ಲ, ಅಲ್ಲಿನ ಜೀವಿಗಳು ಗಂಟೆಯೊಳಗೇ ಒಂದು ಎರಡಾಗುತ್ತವೆ. ಕುಷ್ಠದ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಹ್ಯಾನ್ಸೆನ್ ಕಂಡು ನೂರೈವತ್ತು ವರ್ಷವಾದರೂ ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಬೆಳೆಸಲು ಯಾರಿಂದಲೂ ಆಗಿಲ್ಲ. ಇಲಿಯ ಅಂಗಾಲಿನಲ್ಲೋ, ಅಮೆರಿಕದ ಆರ್ಮಡಿಲೋ ಎಂಬ ಚಿಪ್ಪಿನ ಪ್ರಾಣಿಯಲ್ಲೋ ಬೆಳೆಸಬೇಕು. ಹಾಗಾಗಿ ರೋಗಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಆಗುತ್ತದೆ. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಹುಡುಕಿ ಯಾರ ಮೇಲಾದರೂ ಗೂಬೆ ಕೂರಿಸುವುದರಲ್ಲಿ ಅರ್ಥವಿಲ್ಲ.

ಅದರ ಇನ್ನೊಂದು ಗುಣ ತಿಳಿದರೆ ಉಳಿದದ್ದೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ದೇಹದ ಒಳಗಿನ ಬಿಸಿ ಆಗಿಬರುವುದಿಲ್ಲ, ತಂಪು ಜಾಗ ಬೇಕು. ಅದಕ್ಕೇ ಹೃದಯ, ಮಿದುಳಿನ ಗೋಜಿಗೆ ಹೋಗದೆ ಚರ್ಮ, ಮೂಗು, ಕಿವಿಯ ಹಾಲೆ ಹಾಗೂ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುವ ನರಗಳಲ್ಲಿ ಮನೆ ಮಾಡುತ್ತದೆ. ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಗುತ್ತದಲ್ಲ, ಆ ನರ ಇದಕ್ಕೆ ಬಲು ಇಷ್ಟ. ನೋಡುವವರ ಕಣ್ಣಿಗೆ ಇದು ಚರ್ಮದ ರೋಗ. ನನ್ನ ಪ್ರಕಾರ ಇದನ್ನು ನರದ ರೋಗವೆಂದೇ ಕರೆಯಬೇಕಿತ್ತು.

ಬೆರಳು ಉದುರುವ ಮಾತಿಗೆ ಬರೋಣ. ಬೆರಳು ಉದುರುವುದಿಲ್ಲ. ನರ ಸತ್ತ ಮೇಲೆ ಬಿಸಿ, ಚುಚ್ಚು, ನೋವು ಯಾವುದೂ ಗೊತ್ತಾಗುವುದಿಲ್ಲ. ಸುಟ್ಟರೂ ಕೈ ಹಿಂದೆಗೆಯುವುದಿಲ್ಲ, ಗಾಯವಾದರೂ ಅದೇ ಕೈಯಲ್ಲಿ ಕೆಲಸ ನಡೆಯುತ್ತದೆ. ಗಾಯ ಕೀವಾಗಿ, ಸೋಂಕು ಮೂಳೆಗಿಳಿದು, ವರ್ಷಗಳಲ್ಲಿ ಬೆರಳು ಸವೆದು ಮೋಟಾಗುತ್ತದೆ. ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಮುಖ್ಯರು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ರಾತ್ರಿ ಮಲಗಿದ ರೋಗಿಯ ಬೆರಳು ಬೆಳಿಗ್ಗೆ ಗಿಡ್ಡವಾಗಿರುತ್ತಿದ್ದ ಗುಟ್ಟು ಅವರಿಗೆ ಸಿಕ್ಕಿತು: ಇಲಿ ಕಚ್ಚುತ್ತಿತ್ತು, ರೋಗಿಗೆ ಎಚ್ಚರವೇ ಆಗುತ್ತಿರಲಿಲ್ಲ. ಪರಿಹಾರಕ್ಕೆ ಬೆಕ್ಕು ಸಾಕಿಸಿದರು.

ನನ್ನ ಬಳಿ ಬಂದ ಅಡುಗೆಯವರೊಬ್ಬರ ಕತೆಯೂ ಹೀಗೇ. ಹೋಟೆಲಿನಲ್ಲಿ ನೀರುದೋಸೆ ಹೊಯ್ಯುವ ಕೆಲಸ. ಬಿಸಿ ಕಾವಲಿಯನ್ನು ಬರಿಗೈಯಲ್ಲಿ ಹಿಡಿಯುತ್ತಾರೆಂದು ಜೊತೆಯವರಿಗೆ ಅವರ ಮೇಲೆ ಗೌರವ. ಬೊಕ್ಕೆ ಎದ್ದ ಬೆರಳು ತೋರಿಸಿ ಅವರು ನನ್ನ ಹತ್ತಿರ ಕೇಳಿದ್ದು ಒಂದೇ, "ಬೇಗ ಒಣಗುವ ಮುಲಾಮು ಕೊಡಿ." ಮುಂಗೈ ಮೇಲೊಂದು ಮಾಸಲು ಮಚ್ಚೆ ಇತ್ತು. ತುರಿಸುವುದಿಲ್ಲ, ನೋಯುವುದಿಲ್ಲವಲ್ಲ ಎಂದು ಮೂರು ವರ್ಷ ಅದನ್ನು ಹಾಗೇ ಬಿಟ್ಟಿದ್ದರಂತೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದೆ. ಬೇರೆಲ್ಲ ಕಡೆ ಸರಿಯಾಗಿ ಬೆರಳಿಟ್ಟು ತೋರಿಸಿದರು, ಮಚ್ಚೆಯ ಮೇಲೆ ಸವರಿದಾಗ ಸುಮ್ಮನೆ ಕಾಯುತ್ತ ಕೂತಿದ್ದರು.

ಹತ್ತಿಯ ಎಳೆ ಸಾಕಾಗುವ ಪರೀಕ್ಷೆ ಇದು. ತಿಳಿಬಿಳಿ ಅಥವಾ ತಾಮ್ರಬಣ್ಣದ, ಸ್ಪರ್ಶ ಗೊತ್ತಾಗದ ಮಚ್ಚೆ ಮುಖ್ಯ ಲಕ್ಷಣ. ಇದಲ್ಲದೆ ಅಂಗೈ ಅಂಗಾಲು ಜೋಮು ಹಿಡಿದಂತಿರುವುದು, ಅಂಗಿಯ ಗುಂಡಿ ಹಾಕಲು ಬೆರಳು ಒಗ್ಗದಿರುವುದು, ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಹಿಂದೆ ಬಿದ್ದರೂ ತಿಳಿಯದೆ ಮುಂದೆ ಹೋಗುವುದು, ಕಿವಿಹಾಲೆ ದಪ್ಪವಾಗುವುದು, ರೆಪ್ಪೆ ಪೂರ್ತಿ ಮುಚ್ಚದಿರುವುದು. ಬೀಡಿ ಕಟ್ಟುವವರು ಬೆರಳು ಮರಗಟ್ಟಿದರೆ ಕೆಲಸದ ದಣಿವು ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹೌದು. ಆದರೂ ಒಮ್ಮೆ ತೋರಿಸಿಬಿಡಿ.

ಅಜ್ಜಿಯ ನಾಗದೋಷದ ಮಾತಿನಲ್ಲಿ ನಮ್ಮ ಕರಾವಳಿಯ ಇಡೀ ನಂಬಿಕೆ ಇದೆ. ನಾಗನಿಗೆ ತನು ಹಾಕುವವರನ್ನು, ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ ಮಾಡಿಸುವವರನ್ನು ನಾನು ಎಂದೂ ತಡೆದವನಲ್ಲ. ಸೇವೆಯ ದಿನ ಬರಲಿ ಎಂದು ಮಾತ್ರೆ ಮುಂದೆ ಹಾಕಿದರೆ ಮಾತ್ರ ಗದರುತ್ತೇನೆ. ಹೆಸರಿನ ಗೊಂದಲವೂ ಹಳೆಯದು. ಆಯುರ್ವೇದ ಹೇಳುವ ಹದಿನೆಂಟು ಬಗೆಯ 'ಕುಷ್ಠ'ದಲ್ಲಿ ಬೇರೆ ಬೇರೆ ಚರ್ಮರೋಗಗಳೆಲ್ಲ ಸೇರಿವೆ. ಹಾಲಿನಂತೆ ಬೆಳ್ಳಗಾಗುವ ತೊನ್ನು ಬೇರೆಯೇ ಕಾಯಿಲೆ, ಅದರಲ್ಲಿ ಸ್ಪರ್ಶ ಹೋಗುವುದಿಲ್ಲ, ಅದು ಅಂಟುವುದೂ ಇಲ್ಲ. ಮಳೆಗಾಲದ ಬೆವರಿಗೆ ಎದೆ ಬೆನ್ನಿನ ಮೇಲೆ ಬರುವ ಚಿಬ್ಬು ಶಿಲೀಂಧ್ರದ್ದು.

ಇನ್ನು ಕುಷ್ಠ, ಮುಟ್ಟಿದರೆ ಬರುವುದಿಲ್ಲ. ಕೈ ಕುಲುಕಿದರೆ, ಬಸ್ಸಿನಲ್ಲಿ ಪಕ್ಕ ಕೂತರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ತಿಂಗಳುಗಟ್ಟಲೆ ಹತ್ತಿರದಲ್ಲಿ ಬಾಳಿದಾಗ, ಮೂಗು ಬಾಯಿಯ ತುಂತುರಿನಿಂದ ಹರಡುತ್ತದೆ. ಹಾಗೆ ಹರಡಿದರೂ ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಯ ದೇಹ ಅದನ್ನು ತಾನೇ ಅಡಗಿಸುತ್ತದೆ.

ಮದ್ದು ಖಂಡಿತ ಇದೆ. 1940ರ ದಶಕದಲ್ಲಿ ಡ್ಯಾಪ್ಸೋನ್ ಎಂಬ ಮದ್ದು ಬಂತು, ಕೆಲ ವರ್ಷಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಎಂಬ ಮೂರು ಮದ್ದು ಸೇರಿಸಿ ಕೊಡುವ ಎಂ.ಡಿ.ಟಿ. (ಬಹು ಔಷಧ) ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಮಚ್ಚೆ ಐದರೊಳಗಿದ್ದು ರೋಗಾಣು ಕಡಿಮೆಯಿದ್ದರೆ ಆರು ತಿಂಗಳು, ಹೆಚ್ಚಿದ್ದರೆ ಹನ್ನೆರಡು ತಿಂಗಳು. ತಿಂಗಳಿಗೊಮ್ಮೆಯ ಡೋಸನ್ನು ಆರೋಗ್ಯ ಸಿಬ್ಬಂದಿಯ ಎದುರಿಗೇ ನುಂಗಬೇಕು, ಉಳಿದದ್ದು ಮನೆಯಲ್ಲಿ ದಿನವೂ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇರಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇರಲಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವೇ ಇರಲಿ, ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ರೂಪಾಯಿ ಖರ್ಚಿಲ್ಲ. ಮೊದಲ ಡೋಸಿನಲ್ಲೇ ಬ್ಯಾಕ್ಟೀರಿಯಾದ ಬಹುಪಾಲು ಸಾಯುತ್ತದೆ, ಆಮೇಲೆ ಹರಡುವ ಭಯವಿಲ್ಲ.

ಮಾತ್ರೆ ಶುರುವಾದಾಗ ಮೂತ್ರ ಕೆಂಪಾಗುತ್ತದೆ, ಮೈ ಕಂದುಗಪ್ಪಾಗುತ್ತದೆ. "ಮುಖ ಯಾಕೆ ಕಪ್ಪಾಗಿದೆ?" ಎಂದು ನೆಂಟರು ಕೇಳಿದರೆಂದೇ ಮಾತ್ರೆ ಬಿಟ್ಟವರಿದ್ದಾರೆ. ಕೋರ್ಸು ಮುಗಿದ ಮೇಲೆ ಬಣ್ಣ ನಿಧಾನವಾಗಿ ಮರಳುತ್ತದೆ. ಜ್ವರದ ಜೊತೆ ಮೈತುಂಬ ದದ್ದು ಎದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ, ಅದು ಡ್ಯಾಪ್ಸೋನ್ ಒಗ್ಗದಿರುವ ಸೂಚನೆ ಇರಬಹುದು. ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆ ಕೆಂಪೇರಿ ಊದಿ ನರ ಜುಮುಗುಟ್ಟುವುದುಂಟು. ಇದು ಲೆಪ್ರಾ ರಿಯಾಕ್ಷನ್, ಅಂದರೆ ರೋಗಾಣುವಿನ ವಿರುದ್ಧ ದೇಹವೇ ಕೆರಳುವುದು. ಮದ್ದು ಕೆಟ್ಟಿತೆಂದು ನಿಲ್ಲಿಸಿದರೆ ಅನಾಹುತ. ಕೂಡಲೇ ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಿನ ಸಲ ನರ ಉಳಿಯುತ್ತದೆ. ಸತ್ತು ಬಹಳ ಕಾಲವಾದ ನರಕ್ಕೆ ಮಾತ್ರೆ ಜೀವ ಕೊಡಲಾರದು. ಅಡುಗೆಯವರ ರೋಗ ಗುಣವಾಯಿತು, ಬೆರಳಿನ ಸ್ಪರ್ಶ ಪೂರ್ತಿ ಬರಲಿಲ್ಲ. ಈಗ ಕಾವಲಿಗೆ ಬಟ್ಟೆ ಹಿಡಿಯುತ್ತಾರೆ.

ಕೊನೆಗೊಂದು ಮಾತು. 2005ರ ಡಿಸೆಂಬರಿನಲ್ಲಿ ಭಾರತ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿ ಮುಟ್ಟಿತು. ಅದನ್ನು ಕೇಳಿದವರು ರೋಗವೇ ಮುಗಿಯಿತು ಎಂದುಕೊಂಡರು. ಇವತ್ತಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ.

ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟು. ಕೆಲಸಕ್ಕಿರುವ ಒಡಿಶಾದ ಹುಡುಗನಿಗೆ ಕುಷ್ಠ ಎಂದು ಆಸ್ಪತ್ರೆಯಲ್ಲಿ ಹೇಳಿ ಮಾತ್ರೆ ಶುರು ಮಾಡಿದ್ದಾರೆ. ಉಳಿದವರು ಅವನ ಜೊತೆ ಊಟಕ್ಕೆ ಕೂರುತ್ತಿಲ್ಲ. ಊರಿಗೆ ಕಳಿಸುವುದಾ?
– ಬೋಟ್ ಮಾಲಕರು, ಮಲ್ಪೆ

ಉತ್ತರ: ಕಳಿಸಬೇಡಿ. ಮಾತ್ರೆ ಶುರುವಾದವನಿಂದ ನಿಮಗೆ ಭಯವಿಲ್ಲ, ದಾರಿಯಲ್ಲಿ ಮಾತ್ರೆ ತಪ್ಪಿದರೆ ಅವನಿಗೆ ಭಯವಿದೆ. ಹೊರಗಿನವರು ರೋಗ ತಂದರು ಎಂಬ ಮಾತು ಬಂದರೂ ಬೆಳೆಯಲು ಬಿಡಬೇಡಿ. ಐದು ವರ್ಷ ಅಡಗಿ ಕೂರುವ ರೋಗಕ್ಕೆ ಊರು ಯಾವುದೆಂದು ಹೇಳುವವರು ಯಾರು?

ಒಂದೇ ಕ್ಯಾಬಿನ್ನಿನಲ್ಲಿ ಮಲಗುವವರನ್ನೆಲ್ಲ ಒಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋಗಿ. ಲಕ್ಷಣ ಇಲ್ಲದ ಸಂಪರ್ಕದವರಿಗೆ ರಿಫಾಂಪಿಸಿನ್‌ನ ಒಂದೇ ಡೋಸು ಕೊಡುವ ಕ್ರಮವಿದೆ, ರೋಗ ಬರುವ ಸಾಧ್ಯತೆ ಅದರಿಂದ ಸುಮಾರು ಅರ್ಧಕ್ಕಿಳಿಯುತ್ತದೆ. ಹುಡುಗನ ಕೈಯಲ್ಲಿ ಸ್ಪರ್ಶ ಕಡಿಮೆಯಿದ್ದರೆ ಹಗ್ಗ, ಐಸು, ಮೀನಿನ ಮುಳ್ಳಿನ ಕೆಲಸಕ್ಕೆ ದಪ್ಪ ಗ್ಲೌಸ್ ಕೊಡಿ. ರಾತ್ರಿ ಮಲಗುವ ಮುಂಚೆ ಕೈಕಾಲು ತಾನೇ ನೋಡಿಕೊಳ್ಳಲಿ, ಗಾಯ ನೋವಿನಿಂದ ತಿಳಿಯದಿದ್ದರೆ ಕಣ್ಣಿನಿಂದಲೇ ತಿಳಿಯಬೇಕು. ಕಾನೂನೂ ಬದಲಾಗಿದೆ: ಕುಷ್ಠರೋಗಿಗಳನ್ನು ಬೇರೆ ಇಡುತ್ತಿದ್ದ 1898ರ ಕಾಯ್ದೆಯನ್ನು 2016ರಲ್ಲಿ ರದ್ದು ಮಾಡಿದರು, ಸಂಗಾತಿಗೆ ಕುಷ್ಠ ಎಂದು ವಿಚ್ಛೇದನ ಕೇಳುವ ಅವಕಾಶವನ್ನು 2019ರಲ್ಲಿ ತೆಗೆದರು.

ಆಳಸಮುದ್ರಕ್ಕೆ ಹೋದರೆ ನಿಮ್ಮ ಬೋಟು ಮರಳಲು ಹತ್ತು ದಿನ ಹಿಡಿಯಬಹುದು. ಹೊರಡುವ ಮುಂಚೆ ಅಷ್ಟು ದಿನದ ಮಾತ್ರೆ ಅವನ ಚೀಲದಲ್ಲಿದೆಯೇ ನೋಡಿ, ನೀರು ತಾಗದಂತೆ ಡಬ್ಬಿಯಲ್ಲಿಡಿ. ತಿಂಗಳ ಡೋಸಿನ ತಾರೀಕನ್ನು ಬೋಟು ನಡೆಸುವ ತಂಡೇಲರಿಗೂ ತಿಳಿಸಿ, ಅಂದು ಅವನು ದಡದಲ್ಲಿರಬೇಕು.