ಬಿಳಿ ಪುಡಿ ಕಂಡ ಕುಸ್ತಿ ಕ್ಯಾಸೆಟ್ ಮತ್ತೆ ಪ್ಲೇ ಮಾಡಬೇಡಿ

1992ರ ಸಮ್ಮರ್‌ಸ್ಲ್ಯಾಮ್ ಕುಸ್ತಿ ಪ್ರದರ್ಶನದ ವಿಡಿಯೊ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ ಅಂದಿರಲ್ಲ, ಅದು ಧೂಳಲ್ಲ, ಬೂಷ್ಟು. ಮಡಿಕೇರಿ ಮಳೆಗಾಲದ ಥಂಡಿಗೆ ಕಪಾಟಿನೊಳಗಿನ ಟೇಪಿಗೆ ಹೀಗಾಗುತ್ತದೆ, ನನ್ನವಕ್ಕೂ ಆಗಿತ್ತು. ಇನ್ನೊಂದು ಸಲ ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರಕ್ಕೆ) ಹಾಕಬೇಡಿ. ಬೂಷ್ಟು ಅದರೊಳಗೆ ಟೇಪ್ ಓದುವ ಹೆಡ್‌ಗೆ ಅಂಟಿ ಬೇರೆ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಟೇಪ್ ಹರಿದೂ ಹೋಗಬಹುದು.

ಮೊದಲು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ವಾರ ಇಡಿ. ಕಾಫಿ ಒಣಗಿಸಿದ ಹಾಗೆ ಬಿಸಿಲಿಗೆ ಹಾಕಬೇಡಿ, ಟೇಪ್ ಸುರುಟುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು ಮನೆ ಹೊರಗೆ ಕೂತು ಹಿಂಬದಿಯ 5 ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿದ ಕೂಡಲೇ ಟೇಪ್ ಯಾವ ದಾರಿಯಲ್ಲಿ ಹೋಗಿದೆ ಅಂತ ಒಂದು ಫೋಟೊ ತೆಗೆದುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಒದ್ದಾಡುತ್ತೀರಿ. ರೀಲಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಚೆನ್ನಾಗಿ ಆರಲಿ. ಬೇಡದ ಹಳೇ ಕ್ಯಾಸೆಟ್ಟಿನ ಒಳ್ಳೆ ಚಿಪ್ಪು ಇದ್ದರೆ ರೀಲ್‌ಗಳನ್ನು ಅದಕ್ಕೇ ಹಾಕಿಬಿಡಿ.

ಬೂಷ್ಟು ಅಂಚಿನಲ್ಲಷ್ಟೇ ಇದ್ದರೆ ಸಾಮಾನ್ಯವಾಗಿ ಉಳಿಯುತ್ತದೆ. ಒಳಸುತ್ತಿಗೂ ಇಳಿದಿದ್ದರೆ ಖಾತ್ರಿ ಹೇಳಲಾರೆ, ಒಂದೇ ಸಲ ಓಡಬಹುದು. ಹಾಗಾಗಿ ಮೊದಲ ಸಲ ಪ್ಲೇ ಮಾಡುವಾಗಲೇ ವಿಸಿಆರ್‌ನ ವಿಡಿಯೊವನ್ನು ಕಂಪ್ಯೂಟರಿಗೆ ಕಳಿಸುವ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್‌ನಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಳ್ಳಿ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕುಸ್ತಿಪಟು ಬ್ರೆಟ್ ಹಾರ್ಟ್ ತನ್ನ ತಂಗಿಯ ಗಂಡ ಬ್ರಿಟಿಷ್ ಬುಲ್‌ಡಾಗ್‌ಗೆ ಸೋತ ಆ ಕೊನೆಯ ಪಂದ್ಯ, ಅಂಥದ್ದು ಕಳೆದುಹೋಗಬಾರದು ಅಲ್ವಾ. ಮುಗಿದ ಮೇಲೆ ಹೆಡ್ ಒರೆಸದೆ ಇನ್ನೊಂದು ಕ್ಯಾಸೆಟ್ ಹಾಕಬೇಡಿ.